ಲಿನಕ್ಸಿನಲ್ಲಿ ಕನ್ನಡ ಅಕ್ಷರ ನಡೆದು ಬಂದ ದಾರಿ



ಕಳೆದ ಬೇಸಿಗೆ ರಜೆಯಲ್ಲಿ ನೆಲಮಾಳಿಗೆ ಸ್ವಚ್ಛ ಮಾಡುವಾಗ ಹಳೆಯ ಹಾರ್ಡ್ ಡಿಸ್ಕ್ ಒಂದು ಸಿಕ್ಕಿತು. ಜರ್ಮನಿಗೆ ಓದಲು ಬಂದ ಹೊಸತರಲ್ಲಿ, ಅಂದರೆ 2006-07ರಲ್ಲಿ, ನಾನು ಅಪ್ಪನಿಗೆ ಬರೆದ ಇಮೇಲುಗಳೆಲ್ಲ ಅದರಲ್ಲಿದ್ದವು. ಊರಿನಲ್ಲಿ ಅಪ್ಪ ಸೈಬರ್ ಸೆಂಟರಿಗೆ ಹೋಗಿ ಅವನ್ನು ಪ್ರಿಂಟ್ ಹಾಕಿಸಿಕೊಂಡು ಬಂದು ಅಮ್ಮನಿಗೆ ಓದಿ ಹೇಳುತ್ತಿದ್ದರು. ಅಪ್ಪ ಈಗಿಲ್ಲ. ಹಾಗಾಗಿ ಕೆಲಸ ಬಿಟ್ಟು ಅಲ್ಲೇ ಕೂತು ಓದತೊಡಗಿದೆ.

ಹನ್ನೆರಡು ವರ್ಷದ ಮಗಳು ಬಂದು ಪಕ್ಕದಲ್ಲಿ ಕೂತಳು. ನಮ್ಮ ಬಳಗದ ಶನಿವಾರದ ತರಗತಿಯಲ್ಲಿ ಅಕ್ಷರ ಕಲಿತವಳು, ಕನ್ನಡವನ್ನು ನಿಧಾನವಾಗಿ ಆದರೂ ತಪ್ಪಿಲ್ಲದೆ ಓದುತ್ತಾಳೆ. ಅಜ್ಜನಿಗೆ ಬರೆದದ್ದನ್ನು ತಾನೂ ಓದುತ್ತೇನೆಂದು ಶುರು ಮಾಡಿ ಎರಡನೆಯ ಸಾಲಿಗೇ ನಿಂತಳು. ನಾನು ಬರೆದದ್ದೇನೋ ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. "ಎಚ್, ಎ, ಜಿ, ಇ... ಅಪ್ಪಾ, ಇದು ಹಗೆನಾ, ಹಾಗೆನಾ?" ಎಂದು ಕೇಳಿದಳು. ಆಮೇಲೆ, "ಅಜ್ಜನಿಗೆ ನೀನು ಸರಿಯಾಗಿ ಕನ್ನಡದಲ್ಲೇ ಯಾಕೆ ಬರೀಲಿಲ್ಲ?" ಎಂದಳು.

"ಎರಡು ಲೈಬ್ರರಿಗಳಿಗೆ ಜಗಳ ಆಗಿತ್ತು ಕಣೇ" ಎಂದೆ. ಅವಳು ನಕ್ಕುಬಿಟ್ಟಳು. ಗ್ರಂಥಾಲಯಗಳು ಜಗಳವಾಡುವುದನ್ನು ಪಾಪ ಅವಳೆಲ್ಲಿ ಕಂಡಿದ್ದಾಳೆ! ಆದರೆ ನಾನು ಹೇಳಿದ್ದು ನಿಜ. ಅವತ್ತು ಅವಳಿಗೆ ಕೊಡಲಾಗದ ಪೂರ್ತಿ ಉತ್ತರ ಈ ಬರಹ. ನಮ್ಮ ಪತ್ರಿಕೆಯಲ್ಲಿ ಕವಿಗಳ ಬಗ್ಗೆ, ಕಾದಂಬರಿಗಳ ಬಗ್ಗೆ ಬರೆಯುವ ಹಿರಿಯರಿದ್ದಾರೆ. ಸಾಫ್ಟ್‌ವೇರ್ ಇಂಜಿನಿಯರನಾದ ನಾನು, ಆ ಬರಹಗಳ ಅಕ್ಷರ ಬೆರಳಿನಿಂದ ಪರದೆಗೆ ಹೋಗುವ ದಾರಿಯ ಇತಿಹಾಸವನ್ನು ಹೇಳುತ್ತೇನೆ. ತಾಂತ್ರಿಕ ವಿಷಯವೆಂದು ಪುಟ ದಾಟಿಸಬೇಡಿ; ಕಥೆ ನಮ್ಮ ಭಾಷೆಯದೇ.

ಅವತ್ತು ಆದದ್ದೇನು

ವಿದ್ಯಾರ್ಥಿ ದೆಸೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು. ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ಹಾಕಿಕೊಂಡಿದ್ದೆ. ಕನ್ನಡ ಬರೆಯಲು ಬೇಕಾದ ಇನ್‌ಪುಟ್ ಮೆಥಡ್ ತಂತ್ರಾಂಶವನ್ನೂ ಹಾಕಿದೆ. ಪಠ್ಯ ಬರೆಯುವ ಸಣ್ಣ ಕಿಟಕಿಯಲ್ಲಿ ಕನ್ನಡ ಮೂಡಿತು. ಪರದೇಶದಲ್ಲಿ ಮೊದಲ ಸಲ ಅಪ್ಪನ ಹೆಸರನ್ನು ಕನ್ನಡದಲ್ಲಿ ಬರೆದು ಸುಮ್ಮನೆ ನೋಡುತ್ತ ಕೂತದ್ದು ನೆನಪಿದೆ. ಆಮೇಲೆ ಇಮೇಲ್ ಬರೆಯೋಣವೆಂದು ಬ್ರೌಸರು ತೆರೆದೆ. ಬರೆಯುವ ಚೌಕದೊಳಗೆ ಕ್ಲಿಕ್ ಮಾಡಿದ್ದೇ ತಡ, ಬ್ರೌಸರು ಮಾಯ. ತಪ್ಪಾಯಿತು ಎಂಬ ಒಂದು ಮಾತೂ ಇಲ್ಲ. ಹತ್ತು ಸಲ ಮಾಡಿದರೆ ಹತ್ತು ಸಲವೂ ಅದೇ.

ತಿಳಿದವರನ್ನು ಕೇಳಿದೆ. ಉತ್ತರ ಚಿಕ್ಕದು, ಖಚಿತವಾದದ್ದು: ಆ ಇನ್‌ಪುಟ್ ಮೆಥಡ್ ತೆಗೆದುಹಾಕು, ಬ್ರೌಸರು ಸರಿಹೋಗುತ್ತದೆ. ತೆಗೆದೆ. ಬ್ರೌಸರು ಸರಿಹೋಯಿತು. ಪರೀಕ್ಷೆ, ಪಾರ್ಟ್‌ಟೈಮ್ ಕೆಲಸಗಳ ನಡುವೆ ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಅಪ್ಪನಿಗೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದೆ. ಸಲಹೆ ಕೊಟ್ಟವರದು ತಪ್ಪಲ್ಲ. ಅವರ ದೃಷ್ಟಿಯಲ್ಲಿ ತೊಂದರೆ ಬ್ರೌಸರಿನದು, ಅದು ಬಗೆಹರಿದಿತ್ತು. ನನ್ನ ದೃಷ್ಟಿಯಲ್ಲೂ ಹಾಗೇ ಆಗಿಹೋಯಿತು ನೋಡಿ, ಈಗ ಕಾಡುವುದು ಅದು.

ಲೈಬ್ರರಿ ಎಂಬ ಒಟ್ಟು ಕುಟುಂಬ

ಪ್ರೋಗ್ರಾಮರುಗಳ ಭಾಷೆಯಲ್ಲಿ ಲೈಬ್ರರಿ ಎಂದರೆ ಸಿದ್ಧ ಕೆಲಸಗಳ ಕಟ್ಟು. ಪರದೆಯ ಮೇಲೆ ಕಿಟಕಿ ಬಿಡಿಸುವುದು, ಕಡತ ತೆರೆಯುವುದು, ಪದಗಳನ್ನು ಜೋಡಿಸುವುದು, ಇಂಥವನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆಯಬೇಕಿಲ್ಲ. ಒಬ್ಬರು ಬರೆದದ್ದನ್ನು ಉಳಿದವರು ಬಳಸಬಹುದು.

ಮೊದಮೊದಲು ಪ್ರತಿ ಪ್ರೋಗ್ರಾಮೂ ತನಗೆ ಬೇಕಾದ ಲೈಬ್ರರಿಯ ಒಂದು ಪ್ರತಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತಿತ್ತು. 1980ರ ದಶಕದಲ್ಲಿ ಕಿಟಕಿಗಳ ಡೆಸ್ಕ್‌ಟಾಪ್ ಬಂದಾಗ ಇದು ದುಬಾರಿಯಾಯಿತು. ಕೆಲವೇ ಮೆಗಾಬೈಟ್ ಸ್ಮರಣೆಯ ಯಂತ್ರದಲ್ಲಿ ಗಡಿಯಾರ ತೋರಿಸುವ ಪುಟ್ಟ ಪ್ರೋಗ್ರಾಮಿಗೂ ಕಿಟಕಿ ಲೈಬ್ರರಿಯ ಸ್ವಂತ ಪ್ರತಿ ಬೇಕೆಂದರೆ ಹೇಗೆ? ಎಲ್ಲರಿಗೂ ಸೇರಿ ಒಂದೇ ಪ್ರತಿ ಇಡುವ ವ್ಯವಸ್ಥೆಯನ್ನು ಸನ್ ಸಂಸ್ಥೆ 1988ರಲ್ಲಿ ತನ್ನ ಸನ್‌ಓಎಸ್ 4.0ರಲ್ಲಿ ತಂದಿತು. ಇದೇ ಶೇರ್ಡ್ ಲೈಬ್ರರಿ. ಒಂದು ಅಡುಗೆಮನೆ, ಹಲವು ಎಲೆ. ಒಟ್ಟು ಕುಟುಂಬವಿದ್ದ ಹಾಗೆ.

ಒಟ್ಟು ಕುಟುಂಬದ ಸುಖವೂ ಕಷ್ಟವೂ ಎರಡೂ ಬಂದವು. ಅಡುಗೆಯವರು ಬದಲಾದರೆ ಎಲ್ಲರ ಊಟವೂ ಬದಲಾಗುತ್ತದೆ. ಹೊಸ ರುಚಿ ಕೆಲವರಿಗೆ ಒಗ್ಗುವುದಿಲ್ಲ. ಅದಕ್ಕೇ ಲೈಬ್ರರಿಯ ಹೆಸರಿನ ಬಾಲಕ್ಕೆ ಒಂದು ಸಂಖ್ಯೆ ಅಂಟಿಸುವ ಪದ್ಧತಿ ಬಂತು. ಹಳೆಯ ಪ್ರೋಗ್ರಾಮುಗಳಿಗೆ ಒಗ್ಗದಂಥ ಬದಲಾವಣೆ ಮಾಡಿದರೆ ಸಂಖ್ಯೆ ಏರಿಸಬೇಕು. ಆಗ 5 ಬೇಕೆಂದವರಿಗೆ 5, 6 ಬೇಕೆಂದವರಿಗೆ 6 ಸಿಗುತ್ತದೆ.

ಲಿನಕ್ಸ್ 1991ರಲ್ಲಿ ಹುಟ್ಟಿತು. ಅದರ ಆರಂಭದ ಶೇರ್ಡ್ ಲೈಬ್ರರಿಗಳಿಗೆ ಸ್ಮರಣೆಯಲ್ಲಿ ಮೊದಲೇ ಗೊತ್ತುಮಾಡಿದ ಜಾಗ ಬೇಕಿತ್ತು. ಸೈಟು ಹಂಚಿದಂತೆ ಪ್ರತಿ ಲೈಬ್ರರಿಗೂ ವಿಳಾಸ ಬರೆದಿಡಬೇಕಿತ್ತು. 1990ರ ದಶಕದ ಮಧ್ಯದಲ್ಲಿ ಇಎಲ್‌ಎಫ್ ಎಂಬ ಹೊಸ ರೂಪ ಬಂದಮೇಲೆ ಈ ಕಷ್ಟ ತಪ್ಪಿತು. ಆದರೆ 1997-98ರಲ್ಲಿ ಎಲ್ಲಕ್ಕೂ ತಳಹದಿಯಾದ ಸಿ ಲೈಬ್ರರಿಯೇ 5ರಿಂದ 6ಕ್ಕೆ ಬದಲಾಯಿತು. 1997ರ ಡಿಸೆಂಬರಿನ ರೆಡ್‌ಹ್ಯಾಟ್ 5.0, 1998ರ ಜುಲೈನ ಡೆಬಿಯನ್ 2.0 ಹೊಸದಕ್ಕೆ ದಾಟಿದವು. ವಿಂಡೋಸ್ ಜಗತ್ತಿನಲ್ಲೂ ಆಗ ಇದೇ ಗೋಳು. ಒಂದು ಪ್ರೋಗ್ರಾಮು ಹಾಕಿದರೆ ಅದು ತನ್ನ ಡಿಎಲ್‌ಎಲ್ ಕಡತವನ್ನು ಹಳೆಯದರ ಮೇಲೆ ಬರೆದು ಇನ್ನೊಂದು ಪ್ರೋಗ್ರಾಮನ್ನು ಕೆಡಿಸುತ್ತಿತ್ತು. ಅದನ್ನು ಜನ ಡಿಎಲ್‌ಎಲ್ ನರಕ ಎಂದೇ ಕರೆದರು.

ನಮ್ಮ ಕಥೆಗೆ ಬೇಕಾದದ್ದು ಸಿ++ ಭಾಷೆಯ ಲೈಬ್ರರಿ. ಸಿ ಭಾಷೆಯಲ್ಲಿ ಇಬ್ಬರು ಒಪ್ಪಿಕೊಳ್ಳಬೇಕಾದ ಸಂಗತಿಗಳು ಕಡಿಮೆ. ಸಿ++ನಲ್ಲಿ ವಸ್ತುಗಳ ಒಳ ಅಳತೆ, ಹೆಸರು ಬರೆಯುವ ಕ್ರಮ, ತಪ್ಪಾದಾಗ ಹಿಂದಕ್ಕೆ ಬರುವ ಬಗೆ, ಎಲ್ಲದರಲ್ಲೂ ಒಪ್ಪಂದ ಬೇಕು. ಈ ಒಪ್ಪಂದ ಕಂಪೈಲರಿಗೆ ಸೇರಿದ್ದು. ಜಿಸಿಸಿ ಕಂಪೈಲರಿನ 3.2 ಆವೃತ್ತಿ 2002ರಲ್ಲಿ ಬಂದಾಗ ಸಿ++ ಲೈಬ್ರರಿಯ ಸಂಖ್ಯೆ 5. 2004ರಲ್ಲಿ 3.4 ಬಂದಾಗ ಅದು 6 ಆಯಿತು. ಅಲ್ಲಿಂದ ಇಂದಿನವರೆಗೆ 6ರಲ್ಲೇ ನಿಂತಿದೆ. ಸಾಕಷ್ಟು ಪೆಟ್ಟು ತಿಂದ ಮೇಲೆ ಬಂದ ಬುದ್ಧಿ ಎನ್ನಿ. ಆದರೆ 2006ರಲ್ಲಿ 5 ಮತ್ತು 6 ಎರಡೂ ಚಲಾವಣೆಯಲ್ಲಿದ್ದವು. ವ್ಯವಸ್ಥೆಯ ಜೊತೆ ಬಂದ ತಂತ್ರಾಂಶಗಳಿಗೆ 6. ಬೇರೆಡೆ ಕಟ್ಟಿ, ಹೊರಗಿನಿಂದ ಇಳಿಸಿಕೊಂಡ ಕೆಲವಕ್ಕೆ 5.

ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ

ಈಗ ಇನ್ನೊಂದು ದಾರಿ ಹಿಡಿಯೋಣ. ಇದು ಕೀಲಿಮಣೆಯಿಂದ ಹೊರಡುತ್ತದೆ.

ಲಿನಕ್ಸ್ ಡೆಸ್ಕ್‌ಟಾಪಿನ ಅಡಿಪಾಯವಾದ ಎಕ್ಸ್ ವಿಂಡೋ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿತು. ಬಾಬ್ ಶೈಫ್ಲರ್, ಜಿಮ್ ಗೆಟ್ಟಿಸ್ ಅದರ ಮೂಲ ಕರ್ತೃಗಳು. ಅದಕ್ಕೂ ಹಿಂದೆ ಡಬ್ಲ್ಯೂ ಎಂಬ ವ್ಯವಸ್ಥೆ ಇತ್ತು, ಅದರ ಮುಂದಿನ ಅಕ್ಷರವೆಂದು ಎಕ್ಸ್. ಹನ್ನೊಂದನೆಯ ಆವೃತ್ತಿ ಎಕ್ಸ್11 ಬಂದದ್ದು 1987ರ ಸೆಪ್ಟೆಂಬರಿನಲ್ಲಿ.

ಎಕ್ಸ್11ರಲ್ಲಿ ನೀವು ಕೀಲಿ ಒತ್ತಿದರೆ ಪ್ರೋಗ್ರಾಮಿಗೆ ಹೋಗುವುದು ಅಕ್ಷರವಲ್ಲ, 8ರಿಂದ 255ರ ಒಳಗಿನ ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಅಕ್ಷರ ಎಂಬುದು ಬೇರೊಂದು ಕೋಷ್ಟಕದಲ್ಲಿರುತ್ತದೆ. 1996ರಲ್ಲಿ ಬಂದ ಎಕ್ಸ್‌ಕೆಬಿ ಎಂಬ ಸೇರ್ಪಡೆ ಈ ಕೋಷ್ಟಕಗಳಿಗೆ ಒಂದು ಶಿಸ್ತು ತಂದಿತು. ಅದರಲ್ಲಿ ಕೀಲಿಗಳಿಗೆ ಜಾಗದ ಮೇಲೆ ಹೆಸರು. ಒಂದೇ ಸಲಕ್ಕೆ ನಾಲ್ಕು ವಿನ್ಯಾಸಗಳನ್ನು ಇಟ್ಟುಕೊಂಡು ಒಂದರಿಂದ ಒಂದಕ್ಕೆ ಹಾರಬಹುದು. ನಾಲ್ಕೇ, ಐದಿಲ್ಲ.

ಜರ್ಮನಿಯಲ್ಲಿರುವ ನಮಗೆ ಈ ಜಾಗದ ಲೆಕ್ಕ ಚೆನ್ನಾಗಿ ಗೊತ್ತು. ಇಲ್ಲಿಯ ಕೀಲಿಮಣೆಯಲ್ಲಿ ವೈ ಮತ್ತು ಝೆಡ್ ಅದಲುಬದಲು. ಎಕ್ಸ್‌ಕೆಬಿಯ ಕನ್ನಡ ಫೊನೆಟಿಕ್ ವಿನ್ಯಾಸ ಕೀಲಿಯ ಜಾಗ ನೋಡುತ್ತದೆಯೇ ಹೊರತು ಅದರ ಮೇಲೆ ಅಚ್ಚಾದ ಅಕ್ಷರವನ್ನಲ್ಲ. ಆದ್ದರಿಂದ ಅದರಲ್ಲಿ ಯಕಾರಕ್ಕೆ ಝೆಡ್ ಎಂದು ಬರೆದಿರುವ ಕೀಲಿ ಒತ್ತಬೇಕು. ಇನ್‌ಪುಟ್ ಮೆಥಡ್ ಹಾಗಲ್ಲ. ಅದು ಸಾಮಾನ್ಯವಾಗಿ ಕೋಷ್ಟಕದಿಂದ ಹೊರಬಂದ ಅಕ್ಷರವನ್ನು ನೋಡುತ್ತದೆ, ವೈ ಒತ್ತಿದರೆ ಯ. ಎರಡನ್ನೂ ಬೆರೆಸಿಕೊಂಡು, "ಯಾರು" ಎಂದು ಬರೆಯಲು ಹೋಗಿ ತಲೆ ಕೆಡಿಸಿಕೊಂಡವರು ನಮ್ಮ ಬಳಗದಲ್ಲೇ ನಾಲ್ಕಾರು ಜನ ಇದ್ದೇವೆ.

ಎಕ್ಸ್‌ಕೆಬಿ ಇದ್ದಮೇಲೆ ಇನ್‌ಪುಟ್ ಮೆಥಡ್ ಯಾಕೆ ಬೇಕಿತ್ತು? ಎಕ್ಸ್‌ಕೆಬಿಗೆ ನೆನಪಿಲ್ಲ. ಒಂದು ಕೀಲಿ ಒತ್ತಿದರೆ ಒಂದು ಚಿಹ್ನೆ, ಹಿಂದೆ ಏನು ಒತ್ತಿದ್ದಿರಿ ಎಂಬುದು ಅದಕ್ಕೆ ತಿಳಿಯದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಕ್ಕೂ ಗುಣಿತ ಚಿಹ್ನೆಗೂ ಬೇರೆಬೇರೆ ಸ್ಥಾನ ಇರುವುದರಿಂದ ಅಷ್ಟೇ ಸಾಕು. ಆದರೆ ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಾವೆಲ್ಲ ಕಲಿತ ವಿನ್ಯಾಸದಲ್ಲಿ ಐ ಕೀಲಿ ಪದದ ಮೊದಲಿಗೆ ಬಂದರೆ 'ಇ', ಕಕಾರದ ಬೆನ್ನಿಗೆ ಬಂದರೆ 'ಕಿ'. ಇದಕ್ಕೆ ಹಿಂದಿನ ಅಕ್ಷರದ ನೆನಪು ಬೇಕು. ಆ ನೆನಪನ್ನು ಇಟ್ಟುಕೊಳ್ಳುವುದೇ ಇನ್‌ಪುಟ್ ಮೆಥಡ್ಡಿನ ಕೆಲಸ.

ಈ ದಾರಿಯನ್ನು ಕಡಿದು ಕೊಟ್ಟವರು ಚೀನಾ, ಜಪಾನ್, ಕೊರಿಯಾದವರು. ಸಾವಿರಾರು ಚಿತ್ರಾಕ್ಷರಗಳನ್ನು ನೂರು ಕೀಲಿಗಳಲ್ಲಿ ತುಂಬಿಸಲಾಗದು. ಉಚ್ಚಾರಣೆ ಬರೆದು, ಪಟ್ಟಿಯಿಂದ ಆರಿಸಿಕೊಳ್ಳಲೇಬೇಕು. 1991ರ ಎಕ್ಸ್11 ಐದನೆಯ ಬಿಡುಗಡೆಯಲ್ಲಿ ಇದಕ್ಕೊಂದು ವ್ಯವಸ್ಥೆ ಬಂತು, 1994ರ ಆರನೆಯ ಬಿಡುಗಡೆಯಲ್ಲಿ ಅದಕ್ಕೊಂದು ನಿಯಮಾವಳಿ ಆಯಿತು. ಹೆಸರು ಎಕ್ಸ್‌ಐಎಂ. ಅದೇ 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಕೋಣೆಯೊಂದು ಸಿಕ್ಕಿತ್ತು. ಕೋಣೆ ಇತ್ತು, ಅಲ್ಲಿಗೆ ಹೋಗುವ ದಾರಿ ಇರಲಿಲ್ಲ.

ಕನ್ನಡದ ಮಟ್ಟಿಗೆ ಆ ದಾರಿ ಜಪಾನಿನಿಂದ ಬಂತು ಎಂದರೆ ನಂಬುತ್ತೀರಾ? ಕೆನಿಚಿ ಹಂಡ ಮತ್ತು ಸಂಗಡಿಗರು ಮೊದಲು ಈಮ್ಯಾಕ್ಸ್ ಸಂಪಾದಕಕ್ಕೆ ಬಹುಭಾಷೆ ಕಲಿಸಿದರು. ಆ ಕೆಲಸ 1997ರ ಈಮ್ಯಾಕ್ಸ್ 20ರಲ್ಲಿ ಸೇರಿಕೊಂಡಿತು. ಆಮೇಲೆ ಅದೇ ಅನುಭವದಿಂದ ಎಂ17ಎನ್ ಎಂಬ ಲೈಬ್ರರಿ ಕಟ್ಟಿದರು. ಇಂಗ್ಲಿಷಿನ 'ಮಲ್ಟಿಲಿಂಗ್ವಲೈಸೇಶನ್' ಪದದಲ್ಲಿ ಮೊದಲ ಎಂ, ಕೊನೆಯ ಎನ್, ನಡುವೆ 17 ಅಕ್ಷರ, ಅದೇ ಹೆಸರು. ಅದರ ಕಟ್ಟಿನಲ್ಲಿ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್, ಟೈಪ್‌ರೈಟರ್, ಐಟ್ರಾನ್ಸ್, ಮತ್ತು ಗಣಕ ಪರಿಷತ್ತಿನ ವಿನ್ಯಾಸ, ಎಲ್ಲಕ್ಕೂ ಕೋಷ್ಟಕಗಳಿವೆ.

ಎರಡು ದಾರಿ ಕೂಡಿದಲ್ಲಿ ಅಪಘಾತ

ಈ ಮಧ್ಯೆ ಡೆಸ್ಕ್‌ಟಾಪುಗಳು ಎರಡಾದವು. 1996ರ ಅಕ್ಟೋಬರಿನಲ್ಲಿ ಇಲ್ಲೇ ಟ್ಯೂಬಿಂಗೆನ್ನಿನ ವಿದ್ಯಾರ್ಥಿ ಮಥಿಯಾಸ್ ಎಟ್ರಿಷ್ ಕೆಡಿಇ ಶುರು ಮಾಡಿದರು. ಅದಕ್ಕೆ ಆಧಾರವಾದ ಕ್ಯೂಟಿ ಲೈಬ್ರರಿಯ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲವೆಂದು 1997ರಲ್ಲಿ ಮಿಗೆಲ್ ದೆ ಇಕಾಜಾ ಮತ್ತು ಫೆದೆರಿಕೊ ಮೆನಾ ಗ್ನೋಮ್ ಆರಂಭಿಸಿದರು. ಅದರ ಆಧಾರ ಜಿಟಿಕೆ. ಇನ್‌ಪುಟ್ ಮೆಥಡ್ ಸೇರಿಸಿಕೊಳ್ಳಲು ಜಿಟಿಕೆಯದೇ ಒಂದು ಬಾಗಿಲು, ಕ್ಯೂಟಿಯದೇ ಒಂದು, ಹಳೆಯ ಎಕ್ಸ್‌ಐಎಂ ಇನ್ನೊಂದು. ಒಂದು ಭಾಷೆ ಬರೆಯಲು ಮೂರು ಕಡೆ ಸೆಟ್ಟಿಂಗು: ಜಿಟಿಕೆ_ಐಎಂ_ಮಾಡ್ಯೂಲ್, ಕ್ಯೂಟಿ_ಐಎಂ_ಮಾಡ್ಯೂಲ್, ಎಕ್ಸ್‌ಮಾಡಿಫೈಯರ್ಸ್. ಒಂದು ಮರೆತರೆ ಅರ್ಧ ಪ್ರೋಗ್ರಾಮುಗಳಲ್ಲಿ ಕನ್ನಡ ಬರುತ್ತದೆ, ಇನ್ನರ್ಧದಲ್ಲಿ ಇಲ್ಲ.

2002ರ ಮಾರ್ಚಿನ ಜಿಟಿಕೆ 2.0ರಲ್ಲಿದ್ದ ಬಾಗಿಲು ಎಂಥದೆಂದರೆ, ಇನ್‌ಪುಟ್ ಮೆಥಡ್ಡಿನ ಒಂದು ಭಾಗ ಪ್ರತಿ ಪ್ರೋಗ್ರಾಮಿನ ಒಳಕ್ಕೇ ಹೋಗಿ ಕೂರುತ್ತದೆ. ನೀವು ಬರೆಯುವ ಚೌಕದಲ್ಲಿ ಕ್ಲಿಕ್ ಮಾಡಿದಾಗ ಅದಕ್ಕೆ ಕೆಲಸ ಶುರು. ಆ ಹೊತ್ತಿಗೆ ಹೆಚ್ಚು ಬಳಕೆಯಲ್ಲಿದ್ದ ಇನ್‌ಪುಟ್ ಮೆಥಡ್ ಸ್ಕಿಮ್. ಚೀನಾದ ಸು ಝೆ ಎಂಬವರು ಆರಂಭಿಸಿದ ಯೋಜನೆ, 2006ರ ಫೆಡೋರಾ ಕೋರ್ 5ರಲ್ಲಿ ಮೊದಲೇ ಸಿದ್ಧವಾಗಿ ಬಂದಿತ್ತು. ಎಂ17ಎನ್ ಕೋಷ್ಟಕಗಳು ಅದರ ಮೂಲಕ ಸಿಗುತ್ತಿದ್ದುದರಿಂದ ಭಾರತೀಯ ಭಾಷೆಗಳಿಗೂ ಅದೇ ದಿಕ್ಕು. ಅದನ್ನು ಬರೆದದ್ದು ಸಿ++ನಲ್ಲಿ.

ಈಗ ಎರಡೂ ದಾರಿ ಕೂಡಿಸಿ ನೋಡಿ. ಹೊರಗಿನಿಂದ ಇಳಿಸಿಕೊಂಡ ಬ್ರೌಸರಿಗೆ ಸಿ++ ಲೈಬ್ರರಿ 5 ಬೇಕು. ವ್ಯವಸ್ಥೆಯ ಜೊತೆ ಬಂದ ಸ್ಕಿಮ್‌ಗೆ 6 ಬೇಕು. ಚೌಕದಲ್ಲಿ ಕ್ಲಿಕ್ ಮಾಡಿದೊಡನೆ 5 ಇರುವ ಮನೆಯೊಳಕ್ಕೆ 6 ಕಾಲಿಟ್ಟಿತು. ಎರಡರಲ್ಲೂ ಒಂದೇ ಹೆಸರಿನ ವಸ್ತುಗಳು, ಒಳ ಅಳತೆ ಮಾತ್ರ ಬೇರೆ. ಒಂದರ ಹೆಸರು ಕೂಗಿದರೆ ಇನ್ನೊಂದು ಓಗೊಡುತ್ತದೆ, ಕೊಟ್ಟ ಸಾಮಾನು ತನ್ನದಲ್ಲದ ಪಾತ್ರೆಯಲ್ಲಿ ಸುರಿಯುತ್ತದೆ, ಪ್ರೋಗ್ರಾಮು ಸಾಯುತ್ತದೆ. ಒಂದೇ ಒರೆಯಲ್ಲಿ ಎರಡು ಕತ್ತಿ ಎಂಬ ಮಾತು ಇದಕ್ಕೇ ಹೇಳಿ ಮಾಡಿಸಿದಂತಿದೆ. ಕಂಪೈಲರ್ ಬರೆದವರು, ಬ್ರೌಸರು ಕಟ್ಟಿದವರು, ಸ್ಕಿಮ್ ಬರೆದವರು, ಯಾರ ಕೆಲಸವೂ ತಮ್ಮ ಮಟ್ಟಿಗೆ ಕೆಟ್ಟದಾಗಿರಲಿಲ್ಲ. ಒಬ್ಬರ ಮನೆಗೆ ಇನ್ನೊಬ್ಬರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ, ಅಷ್ಟೆ.

ಸೇತುವೆ, ಆಮೇಲೆ ಬಸ್ಸು

ಪರಿಹಾರವೂ ಅದೇ 2006ರಲ್ಲಿ ಹುಟ್ಟಿತ್ತು ಎಂದು ನನಗೆ ಗೊತ್ತಾದದ್ದು ಮರುವರ್ಷ. ಹೆಸರು ಸ್ಕಿಮ್-ಬ್ರಿಡ್ಜ್. ಉಪಾಯ ಬಲು ಸರಳ. ಪ್ರೋಗ್ರಾಮಿನೊಳಗೆ ಹೋಗುವ ಭಾಗವನ್ನು ಸಣ್ಣದು ಮಾಡಿ, ಜಗಳವಿಲ್ಲದ ಸಿ ಭಾಷೆಯಲ್ಲಿ ಬರೆದರು. ಸಿ++ನ ಭಾರವೆಲ್ಲ ಹೊರಗೆ ಬೇರೊಂದು ಪ್ರೋಸೆಸ್ಸಿನಲ್ಲಿ. ಒಳಗಿನ ಸಣ್ಣವನು "ಈ ಕೀಲಿ ಒತ್ತಿದರು" ಎಂದು ಹೊರಕ್ಕೆ ಹೇಳುತ್ತಾನೆ, ಹೊರಗಿನವನು "ಹಾಗಾದರೆ ಈ ಅಕ್ಷರ ಹಾಕು" ಎಂದು ಉತ್ತರಿಸುತ್ತಾನೆ. 5 ತನ್ನ ಮನೆಯಲ್ಲಿ, 6 ತನ್ನ ಮನೆಯಲ್ಲಿ, ನಡುವೆ ಒಂದು ಸೇತುವೆ. ಯಾರನ್ನೂ ಮನೆಯಿಂದ ಓಡಿಸಬೇಕಾಗಲಿಲ್ಲ.

2008ರಲ್ಲಿ ಪೆಂಗ್ ಹುವಾಂಗ್ ಶುರು ಮಾಡಿದ ಐಬಸ್ ಇದೇ ಉಪಾಯವನ್ನು ಮೂಲ ನಿಯಮವಾಗಿಸಿಕೊಂಡಿತು. ಇಲ್ಲಿ ಬಸ್ ಎಂದರೆ ನಮ್ಮೂರ ಕೆಂಪು ಬಸ್ಸಲ್ಲ, ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಎಂಬ ವ್ಯವಸ್ಥೆ. ಎಂಜಿನ್ನುಗಳೆಲ್ಲ ಹೊರಗೆ, ಮಾತುಕತೆ ಬಸ್ಸಿನ ಮೂಲಕ. 2009ರಲ್ಲಿ ಫೆಡೋರಾ 11, ಉಬುಂಟು 9.10 ಎರಡೂ ಅದನ್ನು ಒಪ್ಪಿಕೊಂಡವು. 2012ರ ಗ್ನೋಮ್ 3.6ರಲ್ಲಿ ಕೀಲಿಮಣೆ ವಿನ್ಯಾಸ ಮತ್ತು ಇನ್‌ಪುಟ್ ಮೆಥಡ್ ಎರಡೂ ಒಂದೇ ಪಟ್ಟಿಗೆ ಬಂದವು. ಮೂರು ಕಡೆ ಸೆಟ್ಟಿಂಗು ಬರೆಯುವ ತೊಂದರೆ ಸಾಮಾನ್ಯ ಬಳಕೆದಾರನಿಗೆ ತಪ್ಪಿತು.

ಮೇಲಿನ ಬಾಣ ಒತ್ತಿದರೆ ಫೋಟೋ

ಸೇತುವೆ ಕಟ್ಟಿದರೆ ಎಲ್ಲವೂ ಮುಗಿಯಿತೇ? ಇಲ್ಲ. ಹಳೆಯ ಸೆಟ್ಟಿಂಗುಗಳ ಕಾಟ ಬೇರೆಯೇ ಇದೆ.

2009ರ ಆರಂಭದಲ್ಲಿ ನನ್ನ ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿದೆ. ಮರುದಿನ ಬರೆಯುತ್ತಿರುವಾಗ ಮೇಲಿನ ಬಾಣದ ಕೀಲಿ ಒತ್ತಿದರೆ ಪರದೆಯ ಫೋಟೋ ತೆಗೆಯುವ ಕಿಟಕಿ ತೆರೆಯಿತು. ಇನ್ನೊಮ್ಮೆ ಒತ್ತಿದೆ, ಇನ್ನೊಂದು ಫೋಟೋ. ಕೀಲಿಮಣೆಗೆ ಕಾಫಿ ಬಿದ್ದಿರಬೇಕೆಂದು ಮಗುಚಿ ಹಾಕಿ ಒರೆಸಿದೆ!

ನಡೆದದ್ದು ಇಷ್ಟು. 2008ರ ಕೊನೆಗೆ ಬಂದ ಹಲವು ಲಿನಕ್ಸ್ ಆವೃತ್ತಿಗಳು ಕೀಲಿಮಣೆಯ ಹಳೆಯ ಡ್ರೈವರ್ ಬಿಟ್ಟು ಇವ್‌ಡೆವ್ ಎಂಬ ಹೊಸದಕ್ಕೆ ದಾಟಿದವು. ಹಳೆಯದರಲ್ಲಿ ಮೇಲಿನ ಬಾಣದ ಸಂಖ್ಯೆ 98, ಪ್ರಿಂಟ್ ಸ್ಕ್ರೀನಿನ ಸಂಖ್ಯೆ 111. ಹೊಸದರಲ್ಲಿ ಮೇಲಿನ ಬಾಣವೇ 111. ನನ್ನ ಡೆಸ್ಕ್‌ಟಾಪು ವರ್ಷಗಳ ಹಿಂದೆ ಉಳಿಸಿಟ್ಟ ಸೆಟ್ಟಿಂಗನ್ನು ನಿಷ್ಠೆಯಿಂದ ಮತ್ತೆ ಹೇರಿ, ಹಳೆಯ ಕೋಷ್ಟಕದ ಪ್ರಕಾರ 111 ಎಂದರೆ ಫೋಟೋ ಎಂದು ಓದುತ್ತಿತ್ತು. ಕೀಲಿಮಣೆಯ ಮಾದರಿಯನ್ನು ಇವ್‌ಡೆವ್ ಎಂದು ಬದಲಾಯಿಸಿದೆ, ಒಂದೇ ಸಾಲಿನ ಕೆಲಸ. ಅದನ್ನು ಕಂಡುಹಿಡಿಯಲು ಒಂದು ಭಾನುವಾರ ಹೋಯಿತು.

ಸೆಟ್ಟಿಂಗು ಬರೆಯುವ ಜಾಗವೂ ಮನೆ ಬದಲಾಯಿಸುತ್ತಲೇ ಬಂತು. ಮೊದಲು ಎಕ್ಸ್‌ಎಫ್86ಕಾನ್ಫಿಗ್ ಎಂಬ ಕಡತ. 2004ರಲ್ಲಿ ಎಕ್ಸ್‌ಫ್ರೀ86 ಯೋಜನೆ ಪರವಾನಗಿ ಬದಲಾಯಿಸಿದಾಗ ಬಹುತೇಕರು ಅದನ್ನು ಬಿಟ್ಟು ಎಕ್ಸ್.ಆರ್ಗ್ ಕಡೆ ಬಂದರು, ಕಡತದ ಹೆಸರು ಬದಲಾಯಿತು. ಆಮೇಲೆ ಕೆಲಕಾಲ ಎಚ್‌ಎಎಲ್ ಎಂಬ ವ್ಯವಸ್ಥೆಯ ಕಡತಗಳು. 2010ರಲ್ಲಿ ಅದನ್ನೂ ಬಿಟ್ಟು ತುಂಡು ತುಂಡು ಕಡತಗಳ ಒಂದು ಕಪಾಟು. ಈಗಿನ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಡೆಸ್ಕ್‌ಟಾಪೇ ಈ ಜವಾಬ್ದಾರಿ ಹೊತ್ತಿದೆ. ಮೌಸು, ಟಚ್‌ಪ್ಯಾಡು, ಕೀಲಿಮಣೆಗಳ ಸಂಕೇತಗಳನ್ನು ಅದಕ್ಕೆ ಅರ್ಥ ಮಾಡಿಸುವುದು ಲಿಬ್‌ಇನ್‌ಪುಟ್ ಎಂಬ ಲೈಬ್ರರಿ.

ಲೈಬ್ರರಿಗಳ ಚಕ್ರವೂ ಒಂದು ಸುತ್ತು ತಿರುಗಿದೆ. ಫ್ಲಾಟ್‌ಪ್ಯಾಕ್‌ನಂಥ ಹೊಸ ಪದ್ಧತಿಯಲ್ಲಿ ಪ್ರೋಗ್ರಾಮುಗಳು ತಮಗೆ ಬೇಕಾದ ಲೈಬ್ರರಿಗಳನ್ನು ವ್ಯವಸ್ಥೆಯಿಂದ ಪ್ರತ್ಯೇಕವಾಗಿ ತರಿಸಿಕೊಂಡು ತಮ್ಮ ಪಾಡಿಗೆ ತಾವು ಇರುತ್ತವೆ. ಸ್ಮರಣೆ ಅಗ್ಗವಾಗಿದೆ, ಒಟ್ಟು ಕುಟುಂಬ ಒಡೆದರೆ ನಡೆಯುತ್ತದೆ. ಜಗಳ ಕಡಿಮೆ, ನಿಜ. ಆದರೆ ಹಾಗೆ ಬಾಗಿಲು ಹಾಕಿಕೊಂಡ ಪ್ರೋಗ್ರಾಮಿನೊಳಕ್ಕೆ ಇನ್‌ಪುಟ್ ಮೆಥಡ್ಡಿನ ಮಾತು ತಲುಪಿಸಲು ಮತ್ತೆ ಒಂದು ಕಿಂಡಿ ಕೊರೆಯಬೇಕಾಯಿತು.

ಹಿಂದಿಯ ಪಕ್ಕದಲ್ಲಿ ಕಗಪ

ಇಷ್ಟೆಲ್ಲ ಕೇಳಿ, ಎಲ್ಲವನ್ನೂ ಚೀನೀಯರು, ಜಪಾನಿಗಳು, ಜರ್ಮನರು ಮಾಡಿಕೊಟ್ಟರು, ನಾವು ಕೈಚಾಚಿದೆವು ಎಂದು ತಿಳಿಯಬೇಡಿ. ನಿಮ್ಮ ಬಳಿ ಲಿನಕ್ಸ್ ಇದ್ದರೆ ಕೀಲಿಮಣೆ ವಿನ್ಯಾಸಗಳ ಪಟ್ಟಿ ತೆರೆದು ಭಾರತದ ಭಾಗ ನೋಡಿ. "ಕನ್ನಡ (ಕಗಪ, ಫೊನೆಟಿಕ್)" ಎಂದಿರುತ್ತದೆ. ಅದೇ ಪಟ್ಟಿಯಲ್ಲಿ ಹಿಂದಿ (ಕಗಪ), ಮರಾಠಿ (ಕಗಪ), ಸಂಸ್ಕೃತ (ಕಗಪ), ತೆಲುಗು (ಕಗಪ) ಕೂಡ ಇವೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಹಿಂದಿ ಬರೆಯುವವರೊಬ್ಬರು ಆ ವಿನ್ಯಾಸ ಆರಿಸಿದಾಗಲೆಲ್ಲ ತಮಗರಿವಿಲ್ಲದೆ ಬೆಂಗಳೂರಿನ ಒಂದು ಕನ್ನಡ ಸಂಸ್ಥೆಯ ಹೆಸರನ್ನು ಆರಿಸುತ್ತಾರೆ. ಮೊದಲ ಸಲ ಅದನ್ನು ಕಂಡಾಗ ನನಗಾದ ಸಂತೋಷವನ್ನು ಮಡದಿಗೆ ವಿವರಿಸಲು ಹೋಗಿ ಸೋತೆ.

ಮುಂದೆ ನಿಮಗೂ ಇಂಥ ತೊಂದರೆ ಬಂದರೆ ನನ್ನ ಅನುಭವದ ಮಾತು ಕೇಳಿ. ಅಕ್ಷರ ನಡೆಯುವ ದಾರಿಯಲ್ಲೇ ನೀವೂ ನಡೆಯಿರಿ. ಮೊದಲು ಕೀಲಿ ಯಾವ ಸಂಖ್ಯೆ ಕಳಿಸುತ್ತಿದೆ ನೋಡಿ. ಎಕ್ಸ್‌ಇವಿ ಎಂಬ ಸಣ್ಣ ಪ್ರೋಗ್ರಾಮು ಅದನ್ನು ತೋರಿಸುತ್ತದೆ. ಆಮೇಲೆ ಯಾವ ವಿನ್ಯಾಸ ಆರಿಸಿದೆ ನೋಡಿ. ಆಮೇಲೆ ಇನ್‌ಪುಟ್ ಮೆಥಡ್ ಎದ್ದಿದೆಯೇ ನೋಡಿ. ಒಂದು ಪ್ರೋಗ್ರಾಮಿನಲ್ಲಿ ಮಾತ್ರ ತೊಂದರೆಯಾದರೆ, ಅದು ಯಾವ ಲೈಬ್ರರಿಗಳನ್ನು ಬೇಡುತ್ತಿದೆ ಎಂದು ಎಲ್‌ಡಿಡಿ ಎಂಬ ಆದೇಶ ಪಟ್ಟಿ ಕೊಡುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಚೀಟಿಯಲ್ಲಿ ಬರೆದಿಡಿ. "ಕನ್ನಡವನ್ನು ತೆಗೆದುಹಾಕು, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆ ಎಲ್ಲಕ್ಕಿಂತ ಮೊದಲು ಸಿಗುತ್ತದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಮಗಳೂ ನಾನೂ ಈಗ ಭಾನುವಾರ ಸಂಜೆ ಆ ಇಮೇಲುಗಳನ್ನು ಕನ್ನಡ ಅಕ್ಷರಗಳಿಗೆ ಇಳಿಸುತ್ತಿದ್ದೇವೆ. ಅವಳು ಕೀಲಿ ಒತ್ತುತ್ತಾಳೆ, ನಾನು ಓದಿ ಹೇಳುತ್ತೇನೆ. ಹಗೆಯಲ್ಲ, ಹಾಗೆ, ಅದು ಸುಲಭವಾಗಿತ್ತು. ಆದರೆ ಒಂದು ಪತ್ರದಲ್ಲಿ ಅಪ್ಪನನ್ನು ಕೇಳಿದ್ದೇನೆ, ಅಮ್ಮನ ಬಿ-ಎ-ಎಲ್-ಇ ಹೇಗಿದೆ ಎಂದು. ಹಿತ್ತಿಲಿನ ಬಾಳೆಯೋ, ಜಾತ್ರೆಯಲ್ಲಿ ಕೊಂಡ ಬಳೆಯೋ? ಬರೆದವನು ನಾನೇ, ನನಗೇ ನೆನಪಿಲ್ಲ. ಅಮ್ಮನನ್ನು ಫೋನಿನಲ್ಲಿ ಕೇಳಿದರೆ, "ನಿಮ್ಮಪ್ಪ ಓದಿ ಹೇಳಿದ್ದು ಕೇಳ್ತಿದ್ದೆ ಕಣೋ, ಯಾವುದು ಅಂತ ಈಗ ಹೇಗೆ ಹೇಳ್ಲಿ" ಎಂದರು.

ಆ ಜಾಗವನ್ನು ಮಗಳು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದಳು.